ಆವರಣದೊಳಗಿನ ಹೆಸರು ಹಿಡಿದು

ಮೂಲೆಗೆ ಸರಿದ ರಾಕ್ ಬ್ಯಾಂಡ್‌ಗಳನ್ನು ನೀವು ಹೇಗೆ ಹುಡುಕುತ್ತೀರಿ ಅಂತ ಗೆಳೆಯರು ಆಗಾಗ ಕೇಳುತ್ತಾರೆ. ನನ್ನ ದಾರಿ ಒಂದೇ. ಹಾಡಿದವರ ಹೆಸರಿಗಿಂತ ಬರೆದವರ ಹೆಸರು ನೋಡುತ್ತೇನೆ. ರೆಕಾರ್ಡಿನ ಲೇಬಲ್ ಮೇಲೆ, ಹಾಡಿನ ಹೆಸರಿನ ಕೆಳಗೆ, ಆವರಣದೊಳಗೆ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದು. ಈಗ ಹಾಡು ಕೇಳುವ ಆ್ಯಪ್‌ನಲ್ಲಿ ಕ್ರೆಡಿಟ್ಸ್ ಒತ್ತಿದರೂ ಸಿಗುತ್ತದೆ. ಪವರ್ ಪಾಪ್ ಅಂದರೆ ಗಟ್ಟಿ ಗಿಟಾರ್, ಸಿಹಿ ದನಿಗಳ ರಾಕ್; ನನ್ನ ಪ್ರೀತಿಯ ಆ ಬಗೆಯ ಬ್ಯಾಂಡ್‌ಗಳಲ್ಲಿ ಹೆಚ್ಚಿನವು ಸಿಕ್ಕಿದ್ದೇ ಹೀಗೆ.

ಅಮೆರಿಕದ ಬ್ಲಾಂಡಿ ಬ್ಯಾಂಡ್‌ನ 'ಹ್ಯಾಂಗಿಂಗ್ ಆನ್ ದ ಟೆಲಿಫೋನ್' 1978ರ ಹಾಡು. ಫೋನ್ ರಿಂಗಿನಿಂದ ಶುರುವಾಗುತ್ತದೆ, ಬಹಳ ಜನ ಕೇಳಿರುತ್ತಾರೆ. ಬರೆದವರು ಯಾರು ಅಂತ ನೋಡಿದರೆ ಜಾಕ್ ಲೀ. ಆ ಹೆಸರು ಹಿಡಿದು ಹೋದಾಗ ಸಿಕ್ಕಿದ್ದು ದ ನರ್ವ್ಸ್. ಮೂರೇ ಜನರ ಬ್ಯಾಂಡ್, 1976ರಲ್ಲಿ ತಾವೇ ಹೊರತಂದ ನಾಲ್ಕು ಹಾಡಿನ ಒಂದು ಪುಟ್ಟ ರೆಕಾರ್ಡ್. ಅಷ್ಟೇ ಅವರ ಆಸ್ತಿ. ಉಳಿದಿಬ್ಬರನ್ನೂ ಬಿಡಲಿಲ್ಲ ನಾನು. ಬಾಸ್ ನುಡಿಸುತ್ತಿದ್ದ ಪೀಟರ್ ಕೇಸ್ ಮುಂದೆ ದ ಪ್ಲಿಮ್‌ಸೋಲ್ಸ್ ಕಟ್ಟಿದರು. ಡ್ರಮ್ಸ್‌ನ ಪಾಲ್ ಕಾಲಿನ್ಸ್ ದ ಬೀಟ್ ಕಟ್ಟಿದರು. ಒಂದು ಹೆಸರು ಹಿಡಿದಿದ್ದಕ್ಕೆ ಮೂರು ಬ್ಯಾಂಡ್ ಸಿಕ್ಕವು!

ಬ್ಯಾಂಗಲ್ಸ್ ತಂಡ 1986ರ ಆಲ್ಬಂನಲ್ಲಿ ಹಾಡಿದ 'ಸೆಪ್ಟೆಂಬರ್ ಗರ್ಲ್ಸ್' ಕೂಡ ಹೀಗೇ ಎಳೆದುಕೊಂಡು ಹೋಯಿತು. ಬರೆದದ್ದು ಅಲೆಕ್ಸ್ ಚಿಲ್ಟನ್. ಬ್ಯಾಂಡ್ ಬಿಗ್ ಸ್ಟಾರ್, ಊರು ಅಮೆರಿಕದ ಮೆಂಫಿಸ್. ಇಲ್ಲಿ ನಾನು ನಿಂತುಬಿಟ್ಟೆ, ಇವತ್ತಿಗೂ ಪೂರ್ತಿ ಹೊರಗೆ ಬಂದಿಲ್ಲ. ಚಿಲ್ಟನ್ ಹದಿಹರೆಯದಲ್ಲೇ ಬಾಕ್ಸ್ ಟಾಪ್ಸ್ ತಂಡದಲ್ಲಿ 'ದ ಲೆಟರ್' ಹಾಡಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡವರು. ಆಮೇಲೆ ಕ್ರಿಸ್ ಬೆಲ್, ಆ್ಯಂಡಿ ಹಮ್ಮೆಲ್, ಜೋಡಿ ಸ್ಟೀಫನ್ಸ್ ಜೊತೆ ಸೇರಿ 1972ರಲ್ಲಿ 'ನಂಬರ್ ಒನ್ ರೆಕಾರ್ಡ್' ಮಾಡಿದರು. ವಿಮರ್ಶಕರು ಹೊಗಳಿದರು. ಆದರೆ ಅಂಗಡಿಗೆ ಹೋದವರಿಗೆ ರೆಕಾರ್ಡೇ ಸಿಗುತ್ತಿರಲಿಲ್ಲ. ಹಂಚಿಕೆ ಇದ್ದದ್ದು ಸ್ಟ್ಯಾಕ್ಸ್ ಕಂಪನಿಯ ಕೈಯಲ್ಲಿ. ಕಪ್ಪು ಅಮೆರಿಕನ್ನರ 'ಸೋಲ್' ಸಂಗೀತದಲ್ಲಿ ದೊಡ್ಡ ಹೆಸರು ಅದು, ರಾಕ್ ಮಾರಿ ಅಭ್ಯಾಸವಿರಲಿಲ್ಲ. ನಂತರ ಹಂಚಿಕೆ ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಹೋಯಿತು. 1974ರ 'ರೇಡಿಯೋ ಸಿಟಿ'ಗೂ ಅದೇ ಗತಿ. ಮೂರನೆಯ ಆಲ್ಬಂ ಹೊರಬಂದದ್ದು 1978ರಲ್ಲಿ, ಅಷ್ಟರಲ್ಲಿ ಬ್ಯಾಂಡೇ ಇರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ರಿಸ್ ಬೆಲ್ ಕಾರ್ ಅಪಘಾತದಲ್ಲಿ ಹೋದರು, ವಯಸ್ಸು 27. ಬೆಲ್ ಅವರೊಬ್ಬರದೇ ಆಲ್ಬಂ ಬಂದದ್ದು 1992ರಲ್ಲಿ.

ಇದನ್ನೆಲ್ಲ ತಿಳಿದ ಮೇಲೆ, 'ಚೆನ್ನಾಗಿದ್ದಿದ್ದರೆ ಗೆಲ್ಲುತ್ತಿದ್ದರು' ಅನ್ನುವ ಮಾತು ನನಗೆ ರುಚಿಸುವುದಿಲ್ಲ. ರೆಕಾರ್ಡ್ ಅಂಗಡಿಗೇ ಬರದಿದ್ದರೆ ಹಾಡು ತಾನೇ ಏನು ಮಾಡೀತು?

ಕೇಳುವುದಕ್ಕೂ ನನ್ನದೊಂದು ಕ್ರಮ ಇದೆ. ಮೊದಲ ಸಲ ಸುಮ್ನೆ ಕೇಳುತ್ತೇನೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಹಿಂದಿನ ದನಿಗಳ ಮೇಲಷ್ಟೇ ಗಮನ. ಪವರ್ ಪಾಪ್‌ನ ಜೀವ ಇರುವುದು ಅಲ್ಲೇ: ಗಿಟಾರ್ ಗಟ್ಟಿಯಾಗಿ ಬಾರಿಸುತ್ತಿರುತ್ತದೆ, ಅದರ ಮೇಲೆ ಎರಡು ಮೂರು ಕಂಠ ಸಿಹಿಯಾಗಿ ಕೂಡಿಕೊಳ್ಳುತ್ತವೆ. ಕೊನೆಗೆ ಗಿಟಾರ್ ಕೈಗೆತ್ತಿಕೊಂಡು ಜೊತೆಗೆ ನುಡಿಸುತ್ತೇನೆ. ಬೆರಳಿಗೆ ಬಂದಾಗಲೇ ಗೊತ್ತಾಗುವುದು, ಮೂರು ನಿಮಿಷದೊಳಗೆ ಎಷ್ಟು ಕೆಲಸ ಅಡಗಿದೆ ಅಂತ. 'ಸೆಪ್ಟೆಂಬರ್ ಗರ್ಲ್ಸ್' ಶುರುವಿನ ಆ ಮಿನುಗುವ ಗಿಟಾರ್ ಸಾಲನ್ನು ನಾನು ಈಗಲೂ ಮನೆಯಲ್ಲಿ ನುಡಿಸುತ್ತಲೇ ಇರುತ್ತೇನೆ.

ಇಲಿನಾಯ್ ರಾಜ್ಯದ ಜಯಾನ್ ಊರಿನ ಶೂಸ್ ಬ್ಯಾಂಡ್ ಬಗ್ಗೆ ಹೇಳದೆ ಇರಲಾರೆ. 1977ರ 'ಬ್ಲ್ಯಾಕ್ ವೈನಿಲ್ ಶೂಸ್' ಆಲ್ಬಂ ಅನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕ್‌ನ, ಅಂದರೆ ದನಿಯ ನಾಲ್ಕು ಪದರ ಹಿಡಿಯುವ, ಟೇಪ್ ಯಂತ್ರದಲ್ಲಿ ಮುದ್ರಿಸಿದರು. ದನಿಗಳೆಲ್ಲ ಪಿಸುಮಾತಿನ ಹಾಗೆ, ಗಿಟಾರ್ ಮಾತ್ರ ಮುಸುಕಿನೊಳಗಿಂದ ಗುಡುಗುತ್ತದೆ. ದೊಡ್ಡ ಸ್ಟುಡಿಯೋದಲ್ಲಿ ಮಾಡಿದ್ದರೆ ಈ ಗುಣ ಬರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬ್ಯಾಡ್‌ಫಿಂಗರ್ ಬ್ಯಾಂಡ್‌ನಲ್ಲೂ ಬರೆದವರ ಹೆಸರನ್ನೇ ನೋಡಬೇಕು. ನಿಲ್ಸನ್ ಮತ್ತು ಮರಾಯಾ ಕೇರಿ ಹಾಡಿ ಜಗತ್ತೆಲ್ಲ ಕೇಳಿಸಿದ 'ವಿದೌಟ್ ಯೂ' ಬರೆದವರು ಇದೇ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಇವಾನ್ಸ್. 1970ರ 'ನೋ ಡೈಸ್' ಆಲ್ಬಂನಲ್ಲಿ ಅವರ ದನಿಯಲ್ಲೇ ಅದನ್ನು ಕೇಳಿ. ಅಬ್ಬರ ಕಡಿಮೆ, ನನಗೆ ಅದೇ ಜಾಸ್ತಿ ಹಿಡಿಸುತ್ತದೆ.

ಹೊಸಬರಿಗೆ ಕೇಳಿಸುವಾಗ ನಾನು ಉದ್ದನೆಯ ಪಟ್ಟಿ ಕಳಿಸುವುದಿಲ್ಲ. ಒಂದೇ ಒಂದು ಹಾಡು ಕಳಿಸುತ್ತೇನೆ. ಸದ್ದು ಇಷ್ಟಪಡುವವರಿಗೆ ಫ್ಲೇಮಿನ್ ಗ್ರೂವೀಸ್‌ನ 'ಶೇಕ್ ಸಮ್ ಆ್ಯಕ್ಷನ್'. ಮೆಲ್ಲಗಿನ ಹಾಡು ಬೇಕು ಅನ್ನುವವರಿಗೆ ಬಿಗ್ ಸ್ಟಾರ್‌ನ 'ಥರ್ಟೀನ್'. ಅದು ಹಿಡಿಸಿ 'ಇನ್ನೊಂದು ಕಳಿಸಿ' ಅಂದರೆ, ಆಗ 'ರೇಡಿಯೋ ಸಿಟಿ' ಪೂರ್ತಿ ಆಲ್ಬಂ, ಮೊದಲ ಹಾಡಿನಿಂದ.