ಮುಂದಿನ ಬ್ರೇಕ್ ಹೋಸ್‌ಗಳನ್ನು ಮನೆಯಂಗಳದಲ್ಲೇ ಬದಲಿಸಿದ ನನ್ನ ಅನುಭವ

ಹೊರಗಿನಿಂದ ಒಂದು ಬಿರುಕೂ ಕಾಣದ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ರಬ್ಬರ್ ಕೊಳವೆ), ಒಳಗೆ ಕಟ್ಟಿಕೊಂಡು ಚಕ್ರವನ್ನು ಬಿಗಿಹಿಡಿಯಬಲ್ಲದು ಎಂದು ನಾನು ಹೇಳಿದಾಗ ಕುಂದಾಪುರದ ಕಡೆಯ ಮೆಕ್ಯಾನಿಕ್‌ಗಳು ಒಪ್ಪಲಿಲ್ಲ. ನನ್ನದು 2004ರ ಸಣ್ಣ ಪೆಟ್ರೋಲ್ ಕಾರು. ಬ್ರೇಕ್ ಒತ್ತಿದೊಡನೆ ಗಾಡಿ ತುಸು ಬಲಕ್ಕೆ, ಪೆಡಲ್ ಬಿಟ್ಟ ಮೇಲೆ ಎಡಕ್ಕೆ ಎಳೆಯುತ್ತಿತ್ತು. ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿದರೆ ಎಡ ಮುಂದಿನ ರಿಮ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ಕ್ಯಾಲಿಪರ್‌ನ, ಎಂದರೆ ಚಕ್ರದ ಡಿಸ್ಕನ್ನು ಒತ್ತಿಹಿಡಿಯುವ ಭಾಗದ, ಪಿಸ್ಟನ್ ಜಾಮ್ ಆಗಿದೆ ಎಂಬುದು ಅವರ ತೀರ್ಮಾನವಾಗಿತ್ತು. ರಿಪೇರಿ ಕಿಟ್ ಹಾಕಿ ಪಿನ್‌ಗಳಿಗೆ ಗ್ರೀಸ್ ಹಚ್ಚಿದ್ದಕ್ಕೆ ಸುಮಾರು 1,800 ರೂಪಾಯಿ ಹೋಯಿತು, ಎರಡು ವಾರದೊಳಗೆ ಅದೇ ಕಾಟ ಮರಳಿತು. ಆಮೇಲೆ ಎರಡೂ ಕಡೆಗೆ ಹೊಸ ಕ್ಯಾಲಿಪರ್ ಹಾಕಲು ಮಜೂರಿ ಸೇರಿಸಿ 9,000 ರೂಪಾಯಿಯ ಲೆಕ್ಕ ಕೊಟ್ಟರು.

ನಾನು ಮಾಡಿದ ಪರೀಕ್ಷೆ ಇಷ್ಟೇ. ಚಕ್ರ ಬಿಗಿಯಾಗುವವರೆಗೆ ಓಡಿಸಿ, ಗಾಡಿಯನ್ನು ಜಾಕ್ ಮಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮೊದಲು ಹೋಸ್‌ನ ಮೇಲ್ತುದಿಗೆ ಉಕ್ಕಿನ ಪೈಪು ಸೇರುವ ನಟ್ಟನ್ನು ಸಡಿಲಿಸಿದೆ. ಚಕ್ರ ಬಿಡಲಿಲ್ಲ, ಎಂದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆಯಿಂದ ಒತ್ತಡ ಉಳಿದಿಲ್ಲ. ಅದನ್ನು ಬಿಗಿದು ಕ್ಯಾಲಿಪರ್‌ನ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ತೆರೆದೊಡನೆ ಆಯಿಲ್ ಚಿಮ್ಮಿತು, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಿತು. ಪಿಸ್ಟನ್ ಜಾಮ್ ಆಗಿದ್ದರೆ ನಿಪ್ಪಲ್ ತೆರೆದರೂ ಚಕ್ರ ಬಿಗಿಯಾಗಿಯೇ ಇರಬೇಕಿತ್ತು. ಅನೇಕರು ನೇರವಾಗಿ ನಿಪ್ಪಲ್ ತೆರೆದುಬಿಡುತ್ತಾರೆ; ಆಗ ದೋಷ ಹೋಸ್‌ನದೋ ಮಾಸ್ಟರ್ ಸಿಲಿಂಡರ್‌ನದೋ ಎಂದು ತಿಳಿಯುವುದಿಲ್ಲ. ಮೇಲಿನಿಂದ ಕೆಳಗೆ ಬರುವ ಈ ಕ್ರಮವೇ ಇಲ್ಲಿ ಮುಖ್ಯ.

ಹೋಸ್‌ನ ತುದಿಗಳನ್ನು ಬಾಗಿಸಿ ಟಾರ್ಚ್ ಬೆಳಕಿನಲ್ಲಿ ಬಿರುಕು ಹುಡುಕುವುದು, ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಟಯರಿಗೆ ಉಜ್ಜುತ್ತದೆಯೇ ಎಂದು ನೋಡುವುದು, ಇನ್ನೊಬ್ಬರಿಂದ ಪೆಡಲ್ ಒತ್ತಿಸಿ ಉಬ್ಬನ್ನು ಬೆರಳಿನಿಂದ ತಡವುವುದು, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಅವೆಲ್ಲದರಲ್ಲೂ ನನ್ನ ಹೋಸ್ ಪಾಸಾಗಿತ್ತು. ಯಾರೂ ನೋಡದಿದ್ದದ್ದು, ಹೋಸ್‌ನ ನಡುವನ್ನು ಹಿಡಿದಿದ್ದ ತಗಡಿನ ಪಟ್ಟಿಯನ್ನು. ಮರವಂತೆಯಲ್ಲಿ ಕಡಲಿಗೆ ಅಂಟಿಕೊಂಡೇ ಸಾಗುವ ಹೆದ್ದಾರಿ 66ರ ಮೇಲೆ ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ಆ ಪಟ್ಟಿಯ ಒಳಮೈ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪಟ್ಟಿಯ ಹಿಡಿತ ಕ್ರಮೇಣ ಬಿಗಿಯಾಗಿ ರಬ್ಬರನ್ನು ಹಿಸುಕುತ್ತದೆ. ಕಾಲಿನ ಬಲದಿಂದ ಆಯಿಲ್ ಆ ಸಂದಿನಲ್ಲಿ ನುಗ್ಗುತ್ತದೆ, ಹಿಂದಿರುಗಲು ಅಷ್ಟು ಬಲವಿರುವುದಿಲ್ಲ.

ಹೋಸ್ ಕೊಳ್ಳುವುದೇ ದೊಡ್ಡ ತಲೆನೋವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಮೊದಲ ಜೋಡಿ ಎರಡು ಸೆಂಟಿಮೀಟರಿನಷ್ಟು ಗಿಡ್ಡವಾಗಿತ್ತು. ಚಕ್ರ ಪೂರ್ತಿ ಜೋತಾಡುವಾಗ ಹೋಸ್ ಸೆಟೆದು ನಿಲ್ಲುತ್ತಿತ್ತು. ಮರಳಿಸಿದಾಗ ಬಂದವು ಎರಡೂ ಬಲಗಡೆಯವು, ಕ್ಯಾಲಿಪರ್‌ಗೆ ಬೋಲ್ಟಿನಿಂದ ಕೂರುವ ಉಂಗುರದಂಥ ಬ್ಯಾಂಜೋ ತುದಿಯ ಕೋನವೇ ಬೇರೆ. ಸರಿಯಾದ ಜೋಡಿ ಸಿಕ್ಕಿದ್ದು ಉಡುಪಿಯ ಒಂದು ಹಳೆಯ ಅಂಗಡಿಯಲ್ಲಿ, ಸುಮಾರು 1,200 ರೂಪಾಯಿಗೆ. ಇದರ ಜತೆಗೆ ಅರ್ಧ ಲೀಟರ್ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ಹೊಸ ತಾಮ್ರದ ವಾಷರ್‌ಗಳು ಮತ್ತು ನಟ್ಟನ್ನು ಬಹುತೇಕ ಸುತ್ತಲೂ ಹಿಡಿಯುವ 10 ಎಂಎಂನ ಫ್ಲೇರ್ ಸ್ಪ್ಯಾನರ್ ಸೇರಿ ಒಟ್ಟು 2,000ದ ಆಸುಪಾಸಿನಲ್ಲಿ ಮುಗಿಯಿತು. ಮಾಮೂಲಿ ಸ್ಪ್ಯಾನರ್ ಹಾಕಿದರೆ ಪೈಪಿನ ನಟ್ಟಿನ ಮೂಲೆಗಳು ಸವೆದು ಕೆಲಸ ಹೊಸ ಉಕ್ಕಿನ ಪೈಪಿನವರೆಗೆ ಬೆಳೆಯುತ್ತದೆ, ಆದ್ದರಿಂದ ಅಲ್ಲಿ ಖರ್ಚಿಗೆ ಕೈ ಹಿಡಿಯಬಾರದು. ಕಚ್ಚಿಹಿಡಿದ ನಟ್ಟಿಗೆ ನಾನು ಹಿಂದಿನ ರಾತ್ರಿ ಹಚ್ಚುವ ಮಿಶ್ರಣವೊಂದಿದೆ. ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪೆಡಲನ್ನು ಕೋಲಿನಿಂದ ಸ್ವಲ್ಪ ಒತ್ತಿ ಹಿಡಿದರೆ ಮಾಸ್ಟರ್ ಸಿಲಿಂಡರ್‌ನ ರಂಧ್ರ ಮುಚ್ಚಿಕೊಂಡು ಡಬ್ಬಿಯ ಆಯಿಲ್ ಸೋರುವುದಿಲ್ಲ. ಹಳೆಯ ಹೋಸ್ ಬಿಚ್ಚುವಾಗ ಅದರ ತುದಿಯನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿಯದಿದ್ದರೆ ಉಕ್ಕಿನ ಪೈಪು ತಿರುಚುತ್ತದೆ. ಹೊಸದನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಕೂರಿಸಿ, ಮೈಮೇಲಿನ ಬಿಳಿ ಗೆರೆ ಸುರುಳಿಯಾಗದೆ ನೇರವಾಗಿದೆಯೇ ಎಂದು ನೋಡಿಕೊಂಡೇ ಬಿಗಿದೆ. ಆಯಿಲ್‌ನಲ್ಲಿ ಸೇರಿದ ಏರ್ ಬಿಡಿಸುವಾಗ ಮಾತ್ರ ಸಂಜೆಯಾಯಿತು: ಪೆಡಲ್ ಸ್ಪಂಜಿನಂತೆ ಮೆತ್ತಗೇ ಉಳಿದಿತ್ತು, ಬ್ಯಾಂಜೋ ಬೋಲ್ಟಿನ ಬಳಿ ಗುಳ್ಳೆ ನಿಂತಿರಬಹುದೆಂದು ಕ್ಯಾಲಿಪರ್‌ಗೆ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಮತ್ತೆ ಏರ್ ತೆಗೆದ ಮೇಲೆ ಗಟ್ಟಿಯಾಯಿತು.

ಹಳೆಯ ಎರಡೂ ಹೋಸ್‌ಗಳಿಗೆ ಸೈಕಲ್ ಪಂಪಿನಿಂದ ಗಾಳಿ ಊದಿದಾಗ ಬಲಗಡೆಯದು ಸಲೀಸಾಗಿ ಬಿಟ್ಟಿತು, ಎಡಗಡೆಯದು ಬಲವಾಗಿ ಒತ್ತಿದರೆ ಮಾತ್ರ ಸಿಳ್ಳೆ ಹೊಡೆಯಿತು. ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದೆ. ಪಟ್ಟಿಯಿದ್ದ ಜಾಗದಲ್ಲಿ ಒಳದಾರಿ ಸೂಜಿ ತೂರುವಷ್ಟೇ ಇತ್ತು. ಕುತೂಹಲಕ್ಕೆ ಒಳಪದರದ ಒಂದು ತುಣುಕನ್ನು ಬ್ರೇಕ್ ಆಯಿಲ್‌ನಲ್ಲೂ ಇನ್ನೊಂದನ್ನು ಎಂಜಿನ್ ಆಯಿಲ್‌ನಲ್ಲೂ ಕೆಲವು ವಾರ ನೆನೆಸಿಟ್ಟೆ. ಎಂಜಿನ್ ಆಯಿಲ್‌ನದು ಉಬ್ಬಿ ಮೆತ್ತಗಾಯಿತು. ಎಂಜಿನ್ ಆಯಿಲ್ ಹೊಯ್ದ ಫನೆಲ್ಲನ್ನೇ ಬ್ರೇಕ್ ಡಬ್ಬಿಗೂ ಬಳಸುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ಹೆಬ್ರಿ, ಸೋಮೇಶ್ವರದ ದಾರಿಯಲ್ಲಿ ಆಗುಂಬೆ ಘಾಟಿ ಹತ್ತಿ ಇಳಿದು ನೋಡಿದಾಗ ಎರಡೂ ಮುಂದಿನ ರಿಮ್‌ಗಳ ಬಿಸಿ ಹೆಚ್ಚುಕಡಿಮೆ ಸಮನಾಗಿತ್ತು, ಗಾಡಿ ಯಾವ ಕಡೆಗೂ ಎಳೆಯಲಿಲ್ಲ. ಕ್ಯಾಲಿಪರ್ ಬದಲಿಸಲೇಬೇಕೆಂದಿದ್ದ ಮೆಕ್ಯಾನಿಕ್ ಸೀಳಿದ ಹೋಸನ್ನು ತಿರುಗಿಸಿ ತಿರುಗಿಸಿ ನೋಡಿ, ಫ್ಲೇರ್ ಸ್ಪ್ಯಾನರ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹಿಂದಿನ ಡ್ರಮ್‌ಗಳ ಹೋಸ್‌ಗಳು ಇನ್ನೂ ಹಳೆಯವೇ. ಅಲ್ಲಿನ ನಟ್ಟುಗಳ ತುಕ್ಕು ನೋಡಿದರೆ ಪೈಪನ್ನೂ ಬದಲಿಸಬೇಕಾದೀತು. ಅದಕ್ಕೆ ಇನ್ನೊಂದು 2,500 ರೂಪಾಯಿಯನ್ನು ಬೇರೆ ತೆಗೆದಿಟ್ಟಿದ್ದೇನೆ.