ಮೊಟ್ಟೆ ಸುಲಿದು ಕೊಡುತ್ತಿದ್ದ ಹುಡುಗ

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಶಿಕ್ಷಕಿ. ಸುತ್ತಲಿನ ಹಳ್ಳಿಗಳಲ್ಲಿ ಏಳನೇ ತರಗತಿ ಮುಗಿಸಿದವರು ಎಂಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಹೊಸ ಊರು, ಬಸ್ಸಿನ ಓಡಾಟ, ಮೀಸೆ ಚಿಗುರಿದ ದೊಡ್ಡ ಹುಡುಗರು. ಜೂನ್‌ನಿಂದ ದಸರಾ ರಜೆಯವರೆಗೆ ನನ್ನ ಕಣ್ಣು ಈ ಮಕ್ಕಳ ಮೇಲೇ ಇರುತ್ತದೆ.

ದೊಡ್ಡವರು ಚಿಕ್ಕವರನ್ನು ಕಾಡುವುದು ತರಗತಿಯಲ್ಲಿ ತಿಳಿಯುವುದಿಲ್ಲ. ನಮ್ಮೆದುರು ಎಲ್ಲರೂ ಒಳ್ಳೆಯವರೇ. ತಿಳಿಯುವುದು ಬಿಸಿಯೂಟದ ಹೊತ್ತಿನಲ್ಲಿ. ಎಂಟನೆಯ ಹುಡುಗನೊಬ್ಬ ಮೊಟ್ಟೆ ಕೊಡುವ ದಿನವೆಲ್ಲ ತನ್ನ ಪಾಲಿನದನ್ನು ಸುಲಿದು, ಹತ್ತನೆಯವನ ತಟ್ಟೆಗೆ ಹಾಕಿ ಬರುತ್ತಿದ್ದ. ಕೇಳಿದರೆ, "ನನಗೆ ಸೇರುವುದಿಲ್ಲ ಮೇಡಂ" ಎಂದ. ಸೇರದವರಿಗೆ ಬಾಳೆಹಣ್ಣು ಇದ್ದೇ ಇದೆ. ಸುಲಿದು ಕೊಡುವ ಊಳಿಗವೇಕೆ?

ಅವನ ಕೈಗೆ ನೋಟ್‌ಬುಕ್ಕುಗಳ ಕಟ್ಟು ಕೊಟ್ಟು ಸಿಬ್ಬಂದಿ ಕೊಠಡಿಗೆ ಕರೆದುಕೊಂಡು ಹೋದೆ. "ಯಾರು ಹೊಡೆದರು?" ಎಂದು ನೇರವಾಗಿ ಕೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. "ಬಸ್ಸಿನಲ್ಲಿ ಎಲ್ಲಿ ಕೂರುತ್ತೀಯಪ್ಪ?" ಎಂದೆ. ಕೂರುವುದೇ ಇಲ್ಲವಂತೆ. ದೊಡ್ಡವರ ಚೀಲಗಳನ್ನು ಹೊತ್ತು ನಿಲ್ಲಬೇಕು, ಇಲ್ಲವಾದರೆ ಕುತ್ತಿಗೆಗೆ ಏಟು. ಅವನು ಹೇಳಿದ ಮಾತುಗಳನ್ನೇ, ನನ್ನದೇನೂ ಸೇರಿಸದೆ, ದಿನ, ಜಾಗ, ಕಂಡವರ ಹೆಸರು ಸಹಿತ ಬರೆದು ಮುಖ್ಯ ಶಿಕ್ಷಕರಿಗೆ ಕೊಟ್ಟೆ. ಬಾಯಿಮಾತಿನಲ್ಲಿ ಹೇಳಿದ್ದು "ಹುಡುಗಾಟ ಬಿಡಿ" ಎಂಬಲ್ಲಿಗೆ ಮುಗಿಯುತ್ತದೆ. ಬರೆದು ಕೊಟ್ಟದ್ದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸಂಜೆ ಅದೇ ಬಸ್ಸಿನಲ್ಲಿ ಆ ಮಗು ಒಂಟಿಯಾಗಿ ಹೋಗಬೇಕು. ಪೋಷಕರನ್ನು ಬೇರೆ ಬೇರೆಯಾಗಿ ಕರೆಸಿದೆವು. ಹತ್ತನೆಯವನನ್ನು ಬೈದು ಕಳಿಸದೆ ಅವನ ಮಾತನ್ನೂ ಕೇಳಿದೆವು. ಎರಡು ವರ್ಷದ ಹಿಂದೆ ಅವನೂ ಹೀಗೆಯೇ ಚೀಲ ಹೊತ್ತವನು. ಅದೇ ಬಸ್ಸಿಗೆ ಬರುವ ಸಹೋದ್ಯೋಗಿ ಕೆಲವು ವಾರ ಹುಡುಗರ ನಡುವೆಯೇ ಕುಳಿತರು. ಎಂಟನೆಯವನ ಮೊಟ್ಟೆ ಅವನ ತಟ್ಟೆಯಲ್ಲೇ ಉಳಿಯಿತು.

ಎಲ್ಲವೂ ಶಾಲೆಯೊಳಗೇ ತೀರುವಂಥದ್ದಲ್ಲ. ಮೈ ಮುಟ್ಟುವ ಲೈಂಗಿಕ ಕಿರುಕುಳವಾದರೆ ರಾಜಿ ಪಂಚಾಯಿತಿ ಕೂಡದು. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ನಮಗೇ ಶಿಕ್ಷೆ. ಬೇರೆ ಬಗೆಯ ಹಿಂಸೆಗೂ ಶಾಲೆ ಕಿವಿಗೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಬಹುದು, ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಎಂಟನೆಯವರಿಂದ ಮೊದಲ ವಾರದಲ್ಲೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸುತ್ತೇನೆ. ಗೆಳೆಯನಿಗಾಗಿಯೂ ಕರೆ ಮಾಡಬಹುದೆಂದು ಹೇಳುತ್ತೇನೆ.