ಕಾರ್ಪೆಟ್ ತೊಳೆಯುವ ಗಾಡಿಯಲ್ಲಿ ನೀರಿನ ಒತ್ತಡ ಬಿದ್ದಾಗ ಕಾರಣ ಹುಡುಕುವ ಕ್ರಮ

ಎಂಜಿನ್, ಪಂಪು, ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರ್, ಕೊಳೆನೀರು ಹೀರುವ ಬ್ಲೋವರ್ ಎಲ್ಲವನ್ನೂ ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಕಚೇರಿ, ಹೋಟೆಲು, ಸಭಾಂಗಣಗಳ ಕಾರ್ಪೆಟ್ ತೊಳೆಯುವವರಿಗೆ, ಕೆಲಸದ ನಡುವೆ ನೀರಿನ ಒತ್ತಡ ಬಿದ್ದುಹೋಗುವುದು ದೊಡ್ಡ ತಲೆನೋವು. ಒತ್ತಡವಿಲ್ಲದ ನೀರು ಎಳೆಗಳ ಬುಡಕ್ಕೆ ಇಳಿಯುವುದಿಲ್ಲ. ಮೇಲ್ಭಾಗವನ್ನು ತೋಯಿಸಿ ಕೊಳೆಯನ್ನು ಅಲ್ಲೇ ಉಳಿಸುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಪ್ರೆಶರ್ ರೆಗ್ಯುಲೇಟರಿನ ತಿರುಪಿಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರೆಗ್ಯುಲೇಟರ್ ಒತ್ತಡವನ್ನು ಹುಟ್ಟಿಸುವುದಿಲ್ಲ; ಪಂಪು ಹುಟ್ಟಿಸಿದ ಒತ್ತಡ ಮಿತಿ ಮೀರದಂತೆ ಹೆಚ್ಚಿನ ನೀರನ್ನು ಬೈಪಾಸ್ ಮೂಲಕ ಟ್ಯಾಂಕಿಗೆ ಹಿಂದಿರುಗಿಸುತ್ತದೆ, ಅಷ್ಟೆ. ಪಂಪಿಗೆ ನೀರೇ ಸರಿಯಾಗಿ ಬಾರದಿರುವಾಗ ತಿರುಪನ್ನು ಬಿಗಿ ಮಾಡಿಟ್ಟರೆ, ಮುಂದೆ ಯಾರೋ ನೀರು ಸೋಸುವ ಜಾಲರಿಯನ್ನು ಸ್ವಚ್ಛಗೊಳಿಸಿದ ದಿನ ಒತ್ತಡ ಒಮ್ಮೆಲೇ ಏರಿ ಪೈಪು ಸೀಳುತ್ತದೆ.

ಯಾವ ಭಾಗವನ್ನು ಬಿಚ್ಚುವ ಮೊದಲೂ ಎಂಜಿನ್ ನಿಲ್ಲಿಸಿ, ನೀರು ತಣಿಯಲು ಬಿಟ್ಟು, ವಾಂಡಿನ (ಕಾರ್ಪೆಟ್ ಮೇಲೆ ಆಡಿಸುವ, ನೀರು ಸಿಂಪಡಿಸುವ ಕೈಕೋಲಿನ) ಟ್ರಿಗರ್ ಒತ್ತಿ ಪೈಪಿನೊಳಗಿನ ಒತ್ತಡವನ್ನು ಪೂರ್ತಿ ಹೊರಬಿಡಬೇಕು. ಸೋರಿಕೆಯ ಜಾಗವನ್ನು ಬೆರಳಿನಿಂದ ತಡವಿ ಹುಡುಕಬಾರದು. ಸಣ್ಣ ತೂತಿನಿಂದ ಚಿಮ್ಮುವ ಬಿಸಿನೀರು ಸುಡುತ್ತದೆ, ಒತ್ತಡ ಹೆಚ್ಚಿದ್ದರೆ ಚರ್ಮವನ್ನು ತೂರಿ ಒಳಗೂ ಹೋಗಬಲ್ಲದು.

ಹುಡುಕಾಟವನ್ನು ಗೇಜಿನಿಂದ ಆರಂಭಿಸಿ. ಕಾರ್ಪೆಟ್ ಕೆಲಸಕ್ಕೆ ಸಾಮಾನ್ಯವಾಗಿ 300ರಿಂದ 500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಇಟ್ಟುಕೊಳ್ಳುತ್ತಾರೆ. ಟ್ರಿಗರ್ ಬಿಟ್ಟಿರುವಾಗ ಒಮ್ಮೆ, ಒತ್ತಿ ಹಿಡಿದಿರುವಾಗ ಇನ್ನೊಮ್ಮೆ ಗೇಜನ್ನು ಓದಿ ಎರಡನ್ನೂ ಬರೆದಿಟ್ಟುಕೊಳ್ಳಿ. ಒತ್ತಿದಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಎರಡೂ ಸಲ ಮುಳ್ಳು ಸರಿಯಾದ ಜಾಗದಲ್ಲೇ ನಿಂತು, ನಾಝಲ್‌ನಿಂದ ಮಾತ್ರ ನೀರು ಸೊರಗಿ ಬರುತ್ತಿದ್ದರೆ, ಅಡಚಣೆ ಗೇಜಿನ ಮುಂದಿನ ದಾರಿಯಲ್ಲಿದೆ. ಬಿಟ್ಟಾಗ 400 ತೋರಿಸುವ ಮುಳ್ಳು ಒತ್ತಿದ ಕೂಡಲೇ 150ಕ್ಕೆ ಕುಸಿದರೆ, ಬೇಕಾದಷ್ಟು ನೀರನ್ನು ಪಂಪು ಒದಗಿಸುತ್ತಿಲ್ಲ, ಇಲ್ಲವೇ ಸವೆದ ನಾಝಲ್ ಮಿತಿಮೀರಿ ನೀರು ಬಿಡುತ್ತಿದೆ. ಎರಡೂ ಸಲ ಕಡಿಮೆಯೇ ಇದ್ದರೆ ರೆಗ್ಯುಲೇಟರ್, ಪಂಪು, ನೀರಿನ ಸರಬರಾಜು ಮೂರನ್ನೂ ನೋಡಬೇಕಾಗುತ್ತದೆ. ಮುಳ್ಳು ಒಂದೇ ಸಮನೆ ಅದುರುತ್ತಾ, ಪೈಪು ಕೂಡ ಅದೇ ಲಯದಲ್ಲಿ ಮಿಡಿಯುತ್ತಿದ್ದರೆ, ಪಂಪಿನ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲವೆಂದು ಮೊದಲು ಅನುಮಾನಿಸಬೇಕು. ಈ ಓದಿಗೆ ಅರ್ಥ ಬರಬೇಕಾದರೆ ನಿಮ್ಮ ಗಾಡಿಯಲ್ಲಿ ಗೇಜು ಹೀಟ್ ಎಕ್ಸ್‌ಚೇಂಜರಿನ ಹಿಂದೆ ಇದೆಯೋ ಮುಂದೆ ಇದೆಯೋ ಎಂಬುದು ತಿಳಿದಿರಬೇಕು. ಗೇಜಿನ ಸಣ್ಣ ತೂತೇ ಸುಣ್ಣದಿಂದ ಕಟ್ಟಿಕೊಂಡಿರುವ ಸಾಧ್ಯತೆಯೂ ಇರುವುದರಿಂದ, ಕ್ವಿಕ್ ಕಪ್ಲರ್ (ಪೈಪುಗಳನ್ನು ಥಟ್ಟನೆ ಕೂಡಿಸಿ ಬಿಚ್ಚುವ ಜೋಡಣೆ) ಜೋಡಿಸಿದ ಇನ್ನೊಂದು ಗೇಜನ್ನು ಗಾಡಿಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಗೇಜು ಸರಿಯಿದ್ದು ನೀರು ಸೊರಗಿದ್ದರೆ ವಾಂಡಿನ ತುದಿಯಿಂದ ಗಾಡಿಯ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ಬನ್ನಿ. ನಾಝಲ್‌ಗಳು, ವಾಂಡಿನೊಳಗಿನ ಜಾಲರಿ, ಕ್ವಿಕ್ ಕಪ್ಲರ್, ಮಡಿಚಿಕೊಂಡ ಅಥವಾ ಕುರ್ಚಿಯ ಕಾಲಿಗೆ ಸಿಕ್ಕ ಪೈಪು, ಗಾಡಿಯ ಬಾಯಲ್ಲಿರುವ ಫಿಲ್ಟರ್, ಕಡೆಗೆ ಹೀಟ್ ಎಕ್ಸ್‌ಚೇಂಜರ್. ಕಪ್ಲರ್‌ಗಳನ್ನು ಅಲಕ್ಷಿಸಬೇಡಿ, ಒಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ಹರಿದು ಅದರ ತುಣುಕು ಮುಂದಿನ ಕಪ್ಲರಿನ ಬಾಯಿಗೆ ಅಡ್ಡ ಕೂತಿರುವುದುಂಟು. ಪೈಪಿನ ಪ್ರತಿ ಜೋಡಣೆಯಲ್ಲೂ ಬಿಚ್ಚಿ, ಬಕೆಟ್ಟಿನೊಳಗೆ ನೀರು ಬಿಟ್ಟು ನೋಡಿದರೆ, ಎಲ್ಲಿಂದ ಧಾರೆ ಸೊರಗಿತು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ನಾಝಲ್ ಮೇಲಿನ ಸಂಖ್ಯೆಯನ್ನು ಓದಲು ಕಲಿಯುವುದು ಲಾಭದ ಕೆಲಸ. 8002 ಎಂದಿದ್ದರೆ ನೀರು 80 ಡಿಗ್ರಿ ಅಗಲಕ್ಕೆ ಹರಡುತ್ತದೆ, 40 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 0.2 ಅಮೆರಿಕನ್ ಗ್ಯಾಲನ್, ಅಂದರೆ ಮುಕ್ಕಾಲು ಲೀಟರಿನಷ್ಟು ನೀರು ಬರುತ್ತದೆ. ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ ಅದೇ ನಾಝಲ್ 400 ಪಿಎಸ್‌ಐನಲ್ಲಿ ಸುಮಾರು 2.4 ಲೀಟರ್ ಬಿಡುತ್ತದೆ. ಅಂಥವು ಎರಡಿರುವ ವಾಂಡಿಗೆ ನಿಮಿಷಕ್ಕೆ 5 ಲೀಟರಿಗೆ ಸ್ವಲ್ಪ ಕಡಿಮೆ ನೀರು ಬೇಕು. ಯಾರಾದರೂ 02ರ ಜಾಗದಲ್ಲಿ 04 ಹಾಕಿದ್ದರೆ ಬೇಕಾದ ನೀರು ಇಮ್ಮಡಿಯಾಗಿ, ಪಂಪಿನಲ್ಲಿ ಯಾವ ದೋಷವಿಲ್ಲದಿದ್ದರೂ ಒತ್ತಡ ಕುಸಿಯಬಹುದು. ಕಟ್ಟಿಕೊಂಡ ನಾಝಲನ್ನು ಪಿನ್ನಿನಿಂದ ಚುಚ್ಚಿದರೆ ಅಂಚು ಕೆಟ್ಟು, ನೀರು ಹರಡಿಕೊಳ್ಳುವ ಬದಲು ಒಂದೇ ಗೆರೆಯಾಗಿ ಬೀಳತೊಡಗುತ್ತದೆ. ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಬೆಂಗಳೂರಿನಲ್ಲಿ ಈ ತೊಂದರೆಯ ದೊಡ್ಡ ಪಾಲು ನೀರಿನಿಂದಲೇ ಬರುತ್ತದೆ. ಕಾವೇರಿ ನೀರು ಸಾಲದ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನು, 2024ರ ಬೇಸಿಗೆಯಂಥ ಕಾಲದಲ್ಲಂತೂ ಟ್ಯಾಂಕರ್ ತಂದು ಸುರಿದ ನೀರನ್ನು ಬಳಸಬೇಕಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕುಡಿಯಲು ಒಪ್ಪಬಹುದಾದ ಆ 600ರ ನೀರನ್ನು ಹೀಟ್ ಎಕ್ಸ್‌ಚೇಂಜರಿಗೆ ಕೊಟ್ಟರೆ, ಕರಗಿರುವ ಬೈಕಾರ್ಬೊನೇಟ್ ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗೋಡೆಗೆ ಅಂಟುತ್ತದೆ. ಗೀಸರಿನ ಕಾಯಿಲ್ ಮೇಲೆ ಕಾಣುವ ಬಿಳಿ ಪದರವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಅದು ಕಿರಿದಾದ ನಳಿಕೆಯೊಳಗೆ ಬೆಳೆಯುತ್ತದೆ. ಎಕ್ಸ್‌ಚೇಂಜರಿನ ಮುಂಚೆ ಮತ್ತು ನಂತರ, ನೀರು ಹರಿಯುತ್ತಿರುವಾಗಲೇ, ಒತ್ತಡ ಅಳೆದು ನೋಡಿ. ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಸುಣ್ಣ ಕಟ್ಟುತ್ತಿದೆಯೆಂದೇ ಅರ್ಥ. ತಯಾರಕರ ಕೈಪಿಡಿ ಒಪ್ಪುವ ಡಿಸ್ಕೇಲರನ್ನು (ಸುಣ್ಣ ಕರಗಿಸುವ ದ್ರಾವಣವನ್ನು) ಮಾತ್ರ ಸುತ್ತು ಹಾಯಿಸಿ, ನಂತರ ಧಾರಾಳ ನೀರಿನಿಂದ ತೊಳೆಯಿರಿ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಎಂದಿಗೂ ಹಾಕಬೇಡಿ. ಅದು ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ.

ಇನ್ನು ಸರಬರಾಜಿನ ಮಾತು. ಈ ಯಂತ್ರಗಳ ತವರಾದ ಅಮೆರಿಕದಲ್ಲಿ ನಲ್ಲಿಯಲ್ಲೇ 40ರಿಂದ 60 ಪಿಎಸ್‌ಐ ಒತ್ತಡ ಇರುವುದು ಸಾಮಾನ್ಯ. ನಮ್ಮಲ್ಲಿ ನೀರು ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರಕ್ಕೆ ಇಳಿಯುತ್ತದೆ. 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 14 ಪಿಎಸ್‌ಐ. ಎರಡು ಅಂತಸ್ತಿನ ಮನೆಯ ಅಂಗಳದ ನಲ್ಲಿಯಲ್ಲಿ ಅದಕ್ಕೂ ಕಡಿಮೆ. ಅದಕ್ಕೆ ಉದ್ದನೆಯ ತೋಟದ ಪೈಪು ಸೇರಿದರೆ ಗಾಡಿಯ ಟ್ಯಾಂಕು ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ಆರಂಭದಲ್ಲಿ ಒತ್ತಡ ಚೆನ್ನಾಗಿದ್ದು ಸ್ವಲ್ಪ ಹೊತ್ತಿನ ಬಳಿಕ ಬೀಳುವುದು, ಕೆಲಸ ನಿಲ್ಲಿಸಿ ಚಹಾ ಕುಡಿದು ಬಂದಾಗ ಮತ್ತೆ ಸರಿಹೋಗಿರುವುದು ಇದರ ಲಕ್ಷಣ. ಪೈಪಿನ ತುದಿಯಲ್ಲಿ 10 ಲೀಟರಿನ ಬಕೆಟ್ ಇಟ್ಟು ಕಾಲ ಅಳೆಯಿರಿ. ತುಂಬಲು 2 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ನಿಮಿಷಕ್ಕೆ 5 ಲೀಟರೂ ಬರುತ್ತಿಲ್ಲವೆಂದಾಯಿತು. ಮೇಲೆ ಹೇಳಿದ ಎರಡು ನಾಝಲಿನ ವಾಂಡಿಗೂ ಅದು ಸಾಲುವುದು ಕಷ್ಟ. ಇಂಥ ಕಡೆ ಗಾಡಿಯಲ್ಲೇ ದೊಡ್ಡ ಸಿಂಟೆಕ್ಸ್ ಟ್ಯಾಂಕು ಮತ್ತು ಪಂಪಿಗೆ ನೀರು ತಳ್ಳುವ ಸಣ್ಣ ಬೂಸ್ಟರ್ ಇಟ್ಟುಕೊಳ್ಳುವುದೇ ನೇರವಾದ ಪರಿಹಾರ. ಫ್ಲೋಟ್ ವಾಲ್ವ್ ಪೂರ್ತಿ ತೆರೆಯುತ್ತಿದೆಯೇ, ತಳದ ಜಾಲರಿಯಲ್ಲಿ ಟ್ಯಾಂಕರ್ ನೀರಿನ ಮರಳು, ಪಾಚಿ ತುಂಬಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಪಂಪು ನೀರಿನ ಜೊತೆ ಗಾಳಿ ಎಳೆದುಕೊಂಡರೂ ಒತ್ತಡ ನಿಲ್ಲುವುದಿಲ್ಲ. ಬೈಪಾಸ್ ನೀರು ಟ್ಯಾಂಕಿಗೆ ಬೀಳುವಲ್ಲಿ ಟಾರ್ಚ್ ಹಾಕಿ ನೋಡಿ. ಹಾಲಿನಂತೆ ಗುಳ್ಳೆಗುಳ್ಳೆಯಾಗಿ ಬೀಳುತ್ತಿದ್ದರೆ ಹೀರು ಪೈಪಿನ ಕ್ಲ್ಯಾಂಪ್ ಸಡಿಲವಾಗಿದೆ ಅಥವಾ ಕೆಮಿಕಲ್ ಎಳೆಯುವ ಸಣ್ಣ ಕೊಳವೆಯ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಗೊಡುವ ವಾಲ್ವ್) ಸೋರುತ್ತಿದೆ. ಕೆಮಿಕಲ್ ಕ್ಯಾನು ಖಾಲಿಯಾಗಿ ಕೊಳವೆ ಗಾಳಿ ಎಳೆಯುತ್ತಿರುವುದೂ ಸಾಮಾನ್ಯ. ಟ್ಯಾಂಕಿನ ನೀರು ತುಂಬ ಬಿಸಿಯಾಗಿದ್ದರೆ ಇನ್ನೊಂದು ಸಂಗತಿ ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹಾಗಾಗಿ ಬಿಸಿಯಾದ ಬೈಪಾಸ್ ನೀರನ್ನು ಮತ್ತೆ ಮತ್ತೆ ಹೀರುವ ಪಂಪಿನೊಳಗೆ ಆವಿಯ ಗುಳ್ಳೆಗಳು ಬೇಗ ಏಳುತ್ತವೆ, ಪಂಪು ಕಲ್ಲು ಅರೆದಂತೆ ಸದ್ದು ಮಾಡುತ್ತದೆ. ತಣ್ಣೀರು ಬೆರೆಸಿದ ಕೂಡಲೇ ಸದ್ದು ಅಡಗಿದರೆ ಕಾರಣ ಇದೇ.

ಇಷ್ಟೂ ಸರಿಯಿದ್ದರೆ ಪಂಪನ್ನು ಪರೀಕ್ಷಿಸಿ. ಬೆಲ್ಟ್ ಜಾರುತ್ತಿಲ್ಲ, ಎಂಜಿನ್ ವೇಗ ಸರಿಯಾಗಿದೆ ಎಂದು ಖಚಿತಪಡಿಸಿಕೊಂಡು, ಹೊರಹೋಗುವ ಪೈಪನ್ನೂ ಬೈಪಾಸ್ ಪೈಪನ್ನೂ ಒಂದೇ ಬಕೆಟ್ಟಿಗೆ ಬಿಟ್ಟು ಒಂದು ನಿಮಿಷದ ನೀರನ್ನು ಅಳೆಯಿರಿ. ಪ್ಲಂಜರ್ ಪಂಪು (ಹಿಂದೆ ಮುಂದೆ ಚಲಿಸುವ ದಂಡಗಳಿಂದ ನೀರು ತಳ್ಳುವ ಪಂಪು) ಒಂದು ಸುತ್ತಿಗೆ ನಿಗದಿಯಾದಷ್ಟೇ ನೀರು ತಳ್ಳುವುದರಿಂದ, ಆ ವೇಗಕ್ಕೆ ಹೇಳಿರುವ ಪ್ರಮಾಣದೊಡನೆ ಹೋಲಿಸಬಹುದು. ಮೂರು ಪ್ಲಂಜರಿನ ಪಂಪು 15 ಲೀಟರ್ ಕೊಡಬೇಕಾದಲ್ಲಿ 10ರ ಆಸುಪಾಸು ಕೊಟ್ಟರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದೇ ತಿಳಿಯಬೇಕು. ಆರೂ ವಾಲ್ವ್‌ಗಳ ಮುಚ್ಚಳ ತೆಗೆದು ನೋಡಿದರೆ, ಒಂದರ ಕೂರುವ ಅಂಚಿನಲ್ಲಿ ಟೆಫ್ಲಾನ್ ಟೇಪಿನ ಎಳೆಯೋ ಮರಳಿನ ಕಾಳೋ ಸಿಕ್ಕಿಕೊಂಡಿರಬಹುದು. ಟೇಪ್ ಸುತ್ತುವಾಗ ತಿರುಪಿನ ಮೊದಲ ಎರಡು ಮರೆಗಳನ್ನು (ಸುತ್ತುಗೆರೆಗಳನ್ನು) ಖಾಲಿ ಬಿಡುವುದು ಇದಕ್ಕಾಗಿಯೇ. ಪಂಪಿನಡಿ ನೀರು ತೊಟ್ಟಿಕ್ಕುತ್ತಿದ್ದರೆ ಪ್ಯಾಕಿಂಗ್ (ಪ್ಲಂಜರಿನ ಸುತ್ತ ನೀರು ಸೋರದಂತೆ ತಡೆಯುವ ಸೀಲು) ಸವೆದಿದೆ. ಪಂಪಿನ ಮಾದರಿ ಸಂಖ್ಯೆ ಹಿಡಿದು ಸರಿಯಾದ ಕಿಟ್ ತರಿಸಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಳತೆ ನೋಡಿ ತಂದ ರಬ್ಬರ್ ಸೀಲು ತಣ್ಣೀರಿಗೆ ಬಾಳಬಹುದು, ಬಿಸಿನೀರಿಗೂ ಕೆಮಿಕಲ್ಲಿಗೂ ಬಾಳುವ ಭರವಸೆಯಿಲ್ಲ.

ಪಂಪಿನ ನೀರು ಪೂರ್ತಿ ಬರುತ್ತಿದ್ದು, ಟ್ರಿಗರ್ ಒತ್ತಿರುವಾಗಲೂ ಬೈಪಾಸ್‌ನಿಂದ ಧಾರಾಳ ನೀರು ಹರಿಯುತ್ತಾ ಒತ್ತಡ ಮಾತ್ರ ಕಡಿಮೆಯಿದ್ದರೆ, ಆಗ ರೆಗ್ಯುಲೇಟರ್ ಬಿಚ್ಚುವ ಸರದಿ. ತಿರುಪು ಎಷ್ಟು ಸುತ್ತು ಒಳಗಿತ್ತು ಎಂಬುದನ್ನು ಎಣಿಸಿ ಬರೆದುಕೊಂಡು ತೆಗೆಯಿರಿ. ಒಳಗಿನ ಕಪ್ ಸೀಲು, ಓ-ರಿಂಗ್, ವಾಲ್ವಿನ ಕೂರುವ ಅಂಚು ಇವುಗಳಲ್ಲಿ ಗೀರು ಕಂಡದ್ದನ್ನು ಬದಲಿಸಿ, ಗ್ರೀಸ್ ಹಚ್ಚಿ ಜೋಡಿಸಿ. ಬೈಪಾಸ್ ದಾರಿಯನ್ನು ಮುಚ್ಚಿ ಪಂಪು ಓಡಿಸುವ ಪ್ರಯೋಗ ಬೇಡ; ನೀರಿಗೆ ಹೊರದಾರಿಯಿಲ್ಲದಿದ್ದರೆ ಪಂಪಿನ ತಲೆಯೇ ಒಡೆಯಬಹುದು. ಜೋಡಿಸಿದ ಮೇಲೆ ತಿರುಪನ್ನು ಪೂರ್ತಿ ಸಡಿಲ ಬಿಟ್ಟು ಎಂಜಿನ್ ಆರಂಭಿಸಿ, ಟ್ರಿಗರನ್ನು ಒತ್ತುತ್ತಾ ಬಿಡುತ್ತಾ ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ ಬನ್ನಿ. ಒತ್ತಿ ಹಿಡಿದಾಗ ಬೇಕಾದ ಅಂಕೆಗೆ ಮುಳ್ಳು ಬಂದು ನಿಂತ ಮೇಲೆ ಲಾಕ್ ನಟ್ ಬಿಗಿದು, ಆ ದಿನದ ಎರಡೂ ಅಂಕಿಗಳನ್ನು ದಿನಾಂಕದೊಂದಿಗೆ ಗಾಡಿಯ ಪುಸ್ತಕದಲ್ಲಿ ಬರೆದಿಡಿ.